ದೊಡ್ಡಮ್ಮನ ಸೋಬಾನೆ ಮತ್ತು ಒಂದು ಪುಕ್ಕಟೆ ಕತ್ತರಿ

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಆಫೀಸು, ಮೈಸೂರು ರಸ್ತೆಯ ಟ್ರಾಫಿಕ್ಕು, ನಾಯಂಡಹಳ್ಳಿ ಸಿಗ್ನಲ್ಲು ಅಂತ ನೆಪಗಳ ಪಟ್ಟಿ ಕೊಡೋದಿಲ್ಲ, ಓದೋರಿಗೂ ಅವೇ ನೆಪಗಳಿರುತ್ತವೆ :-)

"ವಿಡಿಯೋ ಎಡಿಟ್ ಮಾಡೋಕೆ ಯಾವ ಫ್ರೀ ಸಾಫ್ಟ್‌ವೇರ್ ಒಳ್ಳೇದು?" ಅನ್ನೋ ಪ್ರಶ್ನೆ ಈ ತಿಂಗಳಲ್ಲಿ ಮೂರು ಸಲ ನನ್ನ ಹತ್ತಿರ ಬಂತು. ಮೊದಲು ಕೇಳಿದ್ದು ಆಫೀಸಿನ ಗೆಳೆಯ. ಎರಡನೇ ಸಲ ನಮ್ಮ ಬೀದಿಯ ಗಣೇಶನ ಹುಡುಗರು. ಇಬ್ಬರಿಗೂ ಒಂದು ಹೆಸರು ಹೇಳಿ ಕೈತೊಳೆದುಕೊಂಡೆ. ಮೂರನೇ ಸಲ ಊರಿಂದ ಫೋನ್ ಮಾಡಿ ಕೇಳಿದ್ದು ನಮ್ಮಣ್ಣ, ಅಂದರೆ ದೊಡ್ಡಮ್ಮನ ಮಗ. ಅವನಿಗೆ ಬರೀ ಹೆಸರು ಹೇಳಿ ಸುಮ್ಮನಾಗೋಕೆ ಆಗಲಿಲ್ಲ. ಯಾಕೆ ಅಂತ ಹೇಳಬೇಕಾದರೆ 2019ಕ್ಕೆ ಹೋಗಬೇಕು.

ಆ ವರ್ಷದ ಡಿಸೆಂಬರಿನಲ್ಲಿ ಮಾಗಡಿ ಹತ್ತಿರದ ನಮ್ಮೂರಲ್ಲಿ ಅಕ್ಕನ ಮದುವೆ. ಚಪ್ಪರದ ದಿನ ರಾತ್ರಿ ದೊಡ್ಡಮ್ಮ ಸೋಬಾನೆ ಹೇಳೋಕೆ ಕೂತರು. ಅರಿಶಿನಕ್ಕೊಂದು, ಬಳೆ ತೊಡಿಸೋಕೊಂದು, ಹೆಣ್ಣು ಒಪ್ಪಿಸೋಕೊಂದು. ಯಾವ ಪುಸ್ತಕವೂ ಇಲ್ಲ, ಚೀಟಿಯೂ ಇಲ್ಲ, ಎಲ್ಲಾ ಬಾಯಲ್ಲೇ. ಅಣ್ಣ ಮೊಬೈಲ್ ಹಿಡಿದು ಸುಮಾರು ನಲವತ್ತು ನಿಮಿಷ ರೆಕಾರ್ಡ್ ಮಾಡಿದ. "ಅದ್ಯಾಕ್ಲಾ ನನ್ ಮಕಕ್ಕೆ ಹಿಂಗ್ ಹಿಡ್ಕಂಡಿದ್ಯಾ, ಊಟಕ್ಕೆ ಎಲೆ ಹಾಕೋಗು" ಅಂತ ದೊಡ್ಡಮ್ಮ ಮಧ್ಯದಲ್ಲಿ ಬೈದದ್ದೂ ಅದರಲ್ಲಿತ್ತು.

ಮದುವೆ ಮುಗಿದ ಮೇಲೆ ಅಣ್ಣ ಮೊಬೈಲಲ್ಲೇ ಒಂದು ಎಡಿಟಿಂಗ್ ಆಪ್ ಹಾಕಿಕೊಂಡು, ನಲವತ್ತು ನಿಮಿಷವನ್ನು ಆರು ನಿಮಿಷಕ್ಕೆ ಇಳಿಸಿ, ಚೆನ್ನಾಗಿರಲಿ ಅಂತ ಹಿಂದೆ ಒಂದು ಕೊಳಲಿನ ಟ್ಯೂನ್ ಸೇರಿಸಿ, ಮನೆಯವರಿಗೆಲ್ಲ ಕಳಿಸಿದ. ಎಲ್ಲರೂ ಹೊಗಳಿದೆವು, ನಾನೂ ಸೇರಿ. ಮೊಬೈಲಲ್ಲಿ ಜಾಗ ಇಲ್ಲ ಅಂತ ಮೂಲ ವಿಡಿಯೋಗಳನ್ನ ಅಳಿಸಿದ. "ಆಪ್ ಒಳಗೆ ಐತಲ್ಲ" ಅಂತ ಅವನ ಲೆಕ್ಕ.

2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಹೋಯ್ತು ಅಂತ ಎಲ್ಲರಿಗೂ ನೆನಪಿದೆ. ಆದರೆ ಆ ಪಟ್ಟಿಯಲ್ಲಿ ವಿಡಿಯೋ ಎಡಿಟ್ ಮಾಡುವ ಆಪ್ ಕೂಡ ಇತ್ತು ಅನ್ನೋದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಆ ನಿಷೇಧ ಸರಿಯೋ ತಪ್ಪೋ ಅನ್ನೋ ಚರ್ಚೆಗೆ ನಾನು ಇಳಿಯಲ್ಲ. ಅಣ್ಣನ ಫೋನು ಅದೇ ಮಳೆಗಾಲದಲ್ಲಿ ನೀರು ಕುಡಿದು ಸತ್ತಿತು. ಹೊಸ ಫೋನಿನಲ್ಲಿ ತಾನು ಬಳಸುತ್ತಿದ್ದ ಆಪ್ ಹುಡುಕಿದ, ಸಿಗಲಿಲ್ಲ. ಮೂಲವೂ ಹೋಯ್ತು, ಆಪ್ ಒಳಗಿದ್ದ ಕರಡೂ ಹೋಯ್ತು. 2021ರಲ್ಲಿ ದೊಡ್ಡಮ್ಮನೂ ಹೋದರು.

ಉಳಿದಿದ್ದು ಮೊಬೈಲಿಂದ ಮೊಬೈಲಿಗೆ ಹಾರಿ ಹಾರಿ ಸವೆದುಹೋದ ಆ ಆರು ನಿಮಿಷ. ಮೂಲೆಯಲ್ಲಿ ಆಪಿನ ಮುದ್ರೆ. ದೊಡ್ಡಮ್ಮನ ಧ್ವನಿಯ ಮೇಲೆ ಕೊಳಲು. ಅವರು ಪದದ ಕೊನೆಯನ್ನ ಎಳೆದು ನಿಲ್ಲಿಸುವ ಜಾಗದಲ್ಲೆಲ್ಲ ಸರಿಯಾಗಿ ಆ ಕೊಳಲು ಏರುತ್ತೆ. ಹಾಡನ್ನೂ ವಾದ್ಯವನ್ನೂ ಬೇರೆ ಮಾಡುವ ತಂತ್ರಾಂಶಗಳು ಈಗ ಬಂದಿವೆಯಲ್ಲ, ಅದನ್ನೂ ಓಡಿಸಿ ನೋಡಿದೆ. ಕೊಳಲು ಹೋಯ್ತು, ಆದರೆ ದೊಡ್ಡಮ್ಮ ಬಾವಿಯೊಳಗೆ ಕೂತು ಹಾಡಿದ ಹಾಗೆ ಕೇಳಿಸಿತು. ಅಮ್ಮನಿಗೆ ಕೇಳಿಸಿದೆ. "ಇದು ಅಕ್ಕನ ಗಂಟಲಲ್ಲ ಕಣೋ" ಅಂದರು.

ಎಡಿಟರ್ ಆರಿಸೋದು ಅಂದ ತಕ್ಷಣ ಜನ ಎಫೆಕ್ಟ್ ಎಷ್ಟಿದೆ, ಟ್ರಾನ್ಸಿಷನ್ ಎಷ್ಟಿದೆ ಅಂತ ಎಣಿಸುತ್ತಾರೆ. ನನ್ನ ಮೊದಲ ಪ್ರಶ್ನೆ ಬೇರೆ. ನಾನು ಎಲ್ಲಿ ಕತ್ತರಿಸಿದೆ, ಏನು ಸೇರಿಸಿದೆ ಅನ್ನೋ ಲೆಕ್ಕ ಯಾರ ಹತ್ತಿರ ಇರುತ್ತೆ? ಆ ಕೊಳಲು ಬೇರೆ ಟ್ರ್ಯಾಕಿನಲ್ಲಿ ಇತ್ತು. ಆ ಪ್ರಾಜೆಕ್ಟ್ ನಮ್ಮ ಕೈಯಲ್ಲಿದ್ದಿದ್ದರೆ ಒಂದೇ ಒಂದು ಕ್ಲಿಕ್ಕಿನಲ್ಲಿ ಕೊಳಲನ್ನ ಅಳಿಸಬಹುದಿತ್ತು.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಾವು ಫ್ರೀ ಅಂತ ಒಂದೇ ಪದದಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನ ತುರುಕ್ತೀವಿ. ಒಂದು ಪುಕ್ಕಟೆ, ಇನ್ನೊಂದು ಮುಕ್ತ. ಅಣ್ಣನ ಆಪ್ ಪುಕ್ಕಟೆಯಾಗಿತ್ತು, ಮುಕ್ತವಾಗಿರಲಿಲ್ಲ. ಡಾವಿಂಚಿ ರಿಸಾಲ್ವ್ ಕೂಡ ಪುಕ್ಕಟೆ ಆವೃತ್ತಿ ಕೊಡುತ್ತೆ, ಬಣ್ಣ ತಿದ್ದುವ ಕೆಲಸದಲ್ಲಿ ಸಿನಿಮಾದವರೇ ಬಳಸುವಂಥ ಸಾಧನ ಅದು. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಗಟ್ಟಿ ಮಿಷನ್ ಇದ್ದು, ಅದನ್ನೇ ವೃತ್ತಿ ಮಾಡಿಕೊಳ್ಳುವವರು ಕಲಿಯಲಿ, ಬೇಡ ಅನ್ನಲ್ಲ. ಆದರೆ ಅದರ ಮೂಲ ಕೋಡ್ ಮುಚ್ಚಿದೆ. ನಾಳೆ ಆ ಕಂಪನಿ ಪುಕ್ಕಟೆ ನಿಲ್ಲಿಸಿದರೆ ಕೇಳುವ ಹಕ್ಕು ನಮಗಿಲ್ಲ. ವಿಂಡೋಸ್ ಮೂವೀ ಮೇಕರ್ ನೆನಪಿದೆಯಾ? ಕಾಲೇಜು ದಿನಗಳಲ್ಲಿ ಎಷ್ಟು ಜನ ಅದರಲ್ಲೇ ಬೀಳ್ಕೊಡುಗೆ ವಿಡಿಯೋ ಮಾಡಿಲ್ಲ! 2017ರ ಜನವರಿ 10ಕ್ಕೆ ಅದರ ಕಥೆ ಮುಗೀತು.

ಮುಕ್ತ ತಂತ್ರಾಂಶ ಸಾಯೋದೇ ಇಲ್ವಾ? ಸಾಯುತ್ತೆ. ಕಿನೋ ಅನ್ನೋ ಎಡಿಟರ್ ಸತ್ತಿದೆ. ಆದರೆ ಕೋಡ್ ಬಯಲಲ್ಲಿ ಇರೋದರಿಂದ ಅದನ್ನ ಬರೆದವರ ಕೆಲಸ ಇನ್ನೊಂದರಲ್ಲಿ ಮತ್ತೆ ಚಿಗುರುತ್ತೆ. ಹೆಣವನ್ನ ಬೀರುವಿನಲ್ಲಿ ಬೀಗ ಹಾಕಿ ಇಡೋದಿಲ್ಲ, ಅಷ್ಟೇ ವ್ಯತ್ಯಾಸ. ಇದಕ್ಕೆ ತದ್ವಿರುದ್ಧದ ಕಥೆ ಬ್ಲೆಂಡರಿನದು. ಅದನ್ನ ಮಾಡಿದ ಕಂಪನಿ ಮುಳುಗಿದಾಗ, 2002ರಲ್ಲಿ ಟಾನ್ ರೂಸೆಂಡಾಲ್ ಅವರು ಜನರ ಮುಂದೆ ಕೈಚಾಚಿ ಏಳು ವಾರದಲ್ಲಿ ಒಂದು ಲಕ್ಷ ಯೂರೋ ಕೂಡಿಸಿ, ಕೋಡನ್ನ ಬಿಡಿಸಿಕೊಂಡು ಬಂದರು. ಬ್ಲೆಂಡರಿನ ಒಳಗೂ ಒಂದು ವಿಡಿಯೋ ಎಡಿಟರ್ ಇದೆ. ಆದರೆ ಸೋಬಾನೆ ಪದ ಕತ್ತರಿಸೋಕೆ ಅದನ್ನ ಹಾಕಿಕೊಳ್ಳೋದು ಸೊಪ್ಪು ಹೆಚ್ಚೋಕೆ ಮಚ್ಚು ತಂದ ಹಾಗೆ.

ಹಾಗಾಗಿ ನನ್ನ ಮುಂದೆ ಉಳಿದಿದ್ದು ಮೂರು: ಓಪನ್‌ಶಾಟ್, ಶಾಟ್‌ಕಟ್, ಕೆಡೆನ್‌ಲೈವ್. ಮೂರೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತವೆ. ಮೂರೂ ಜಿಪಿಎಲ್ ಲೈಸೆನ್ಸಿನವು.

ಓಪನ್‌ಶಾಟ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಜೊನಾಥನ್ ಥಾಮಸ್ ಅನ್ನೋರು 2008ರಲ್ಲಿ ಶುರು ಮಾಡಿದ್ದು. 2013ರಲ್ಲಿ ಕಿಕ್‌ಸ್ಟಾರ್ಟರಿನಲ್ಲಿ ಜನರಿಂದ 45,000 ಡಾಲರ್ ಕೂಡಿಸಿದರು. ಮೂರರಲ್ಲಿ ನೋಡೋಕೆ ಸರಳ ಇದೇ. ಗಣೇಶನ ಹುಡುಗರಿಗೆ ಇದನ್ನೇ ಹೇಳಿದ್ದೆ. ನಾಲ್ಕು ಫೋಟೋ, ಒಂದು ಹಾಡು, ಮೆರವಣಿಗೆಯ ಎರಡು ತುಣುಕು... ಅಷ್ಟಕ್ಕೆ ಸಾಕು.

ಶಾಟ್‌ಕಟ್ ಮತ್ತು ಕೆಡೆನ್‌ಲೈವ್ ಹೊರಗಿನಿಂದ ಬೇರೆ ಬೇರೆ ಕಂಡರೂ ಎರಡರ ಹೊಟ್ಟೆಯಲ್ಲಿರೋ ಎಂಜಿನ್ ಒಂದೇ. ಅದರ ಹೆಸರು ಎಂಎಲ್‌ಟಿ. ಎಂಜಿನಿಯರ್ ಬುದ್ಧಿ ನೋಡಿ, ಎಡಿಟ್ ಮಾಡೋದು ಬಿಟ್ಟು ಒಂದು ರಾತ್ರಿ ಅದರ ಹಳೇ ಕೋಡ್ ತೆರೆದು ಕೂತೆ. ಪ್ರತಿ ಕಡತದ ತಲೆಯ ಮೇಲೆ ಹಕ್ಕುಸ್ವಾಮ್ಯದ ಸಾಲು ಇರುತ್ತಲ್ಲ, ಅಲ್ಲಿದ್ದ ಹೆಸರು ನೋಡಿ ಕಣ್ಣುಜ್ಜಿಕೊಂಡೆ. ಉಷೋದಯ ಎಂಟರ್‌ಪ್ರೈಸಸ್ ಲಿಮಿಟೆಡ್! ವರ್ಷ 2003. ಉಷೋದಯ ಅಂದರೆ ಹೈದರಾಬಾದಿನ ಈನಾಡು ಬಳಗ, ಈಟಿವಿ ವಾಹಿನಿಗಳನ್ನ ನಡೆಸುತ್ತಿದ್ದ ಸಂಸ್ಥೆ. ಟೀವಿ ಪ್ರಸಾರದ ಕೆಲಸಕ್ಕೆ ಅಂತ ಚಾರ್ಲ್ಸ್ ಯೇಟ್ಸ್ ಮತ್ತು ಡ್ಯಾನ್ ಡೆನೆಡಿ ಅನ್ನೋ ಇಬ್ಬರು ಅದನ್ನ ಬರೆದರು, ಮುಕ್ತ ಲೈಸೆನ್ಸಿನಲ್ಲಿ ಬಯಲಿಗೆ ಬಿಟ್ಟರು. ಕಿನೋ ಕೋಡಿನ ಹಿಂದಿದ್ದ ಡೆನೆಡಿಯವರೇ ಇವರು, ಶಾಟ್‌ಕಟ್ ಕೂಡ ಇವರದೇ. ಈಗಿನ ಕೋಡಿನಲ್ಲಿ ಆ ಸಾಲಿನ ಜಾಗದಲ್ಲಿ ಅವರ ಮೆಲ್ಟಿಟೆಕ್ ಕಂಪನಿಯ ಹೆಸರಿದೆ.

2000ದ ಡಿಸೆಂಬರಿನಲ್ಲಿ ಶುರುವಾಗಿ 2015ರಲ್ಲಿ ಕಲರ್ಸ್ ಕನ್ನಡ ಆದ ಈಟಿವಿ ಕನ್ನಡವೂ ಅದೇ ಬಳಗದಿಂದ ಹುಟ್ಟಿದ್ದು. ಎಸ್ಪಿಬಿಯವರ 'ಎದೆ ತುಂಬಿ ಹಾಡುವೆನು' ಬರುತ್ತಿದ್ದ ವಾಹಿನಿ. ಊರಲ್ಲಿ ಆ ಕಾರ್ಯಕ್ರಮ ಬರೋ ಹೊತ್ತಿಗೆ ದೊಡ್ಡಮ್ಮನ ಮನೆ ಜಗುಲಿ ತುಂಬುತ್ತಿತ್ತು. "ಈ ಮಗೀಗೆ ಇನ್ನೂ ಉಸುರು ಕಟ್ಟಕ್ಕೆ ಬರಾಕಿಲ್ಲ" ಅಂತ ಟೀವಿ ಮುಂದೆ ಕೂತೇ ತೀರ್ಪು ಕೊಡೋರು. ಫ್ರೆಂಚರು, ಜರ್ಮನರು, ಅಮೆರಿಕದವರು ಬರೆದ ತಂತ್ರಾಂಶ ಅಂದುಕೊಂಡು ಬಳಸ್ತಾ ಇದ್ದೆ. ಅದರ ಬೇರು ನೋಡಿದರೆ ನಮ್ಮ ಜಗುಲಿಯ ಟೀವಿ ಪೆಟ್ಟಿಗೆಯ ಪಕ್ಕದ ಮನೆ! ಒಂದು ರಾತ್ರಿ ನಿದ್ದೆ ಕೆಟ್ಟಿದ್ದಕ್ಕೆ ಬೇಜಾರಾಗಲಿಲ್ಲ.

ಸರಿ, ವಿಷಯಕ್ಕೆ ಬರೋಣ. ಈ ಎಂಜಿನ್ನಿನಲ್ಲಿ ನನಗೆ ಇಷ್ಟವಾಗಿದ್ದು ಪ್ರಾಜೆಕ್ಟ್ ಕಡತ. ಅದು ಬರೀ ಎಕ್ಸ್‌ಎಂಎಲ್. ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಬಹುದು. ಇಂಥ ವಿಡಿಯೋ, ಇಷ್ಟನೇ ಫ್ರೇಮಿನಿಂದ ಇಷ್ಟನೇ ಫ್ರೇಮಿನವರೆಗೆ, ಇಂಥ ಟ್ರ್ಯಾಕಿನಲ್ಲಿ ಅಂತ ಕಿರಾಣಿ ಅಂಗಡಿ ಚೀಟಿಯ ಹಾಗೆ ಬರೆದಿರುತ್ತೆ. ಮೂಲ ವಿಡಿಯೋವನ್ನ ಅದು ಮುಟ್ಟೋದೇ ಇಲ್ಲ. ಇಪ್ಪತ್ತು ವರ್ಷ ಆದಮೇಲೆ ಕೆಡೆನ್‌ಲೈವ್ ಇಲ್ಲದೇ ಹೋದರೂ, ಆ ಚೀಟಿ ಓದಿ ಅದೇ ಜಾಗದಲ್ಲಿ ಕತ್ತರಿಸೋ ಒಂದು ಪುಟ್ಟ ಪ್ರೋಗ್ರಾಂ ಬರೆಯೋಕೆ ನನ್ನಂಥ ಸಾಧಾರಣ ಎಂಜಿನಿಯರಿಗೂ ಸಾಧ್ಯ. ಓಪನ್‌ಶಾಟಿನದೂ ಓದಬಹುದಾದ ಪಠ್ಯ ಕಡತವೇ.

ಎರಡನೇ ಪ್ರಶ್ನೆ, ನನ್ನ ಲ್ಯಾಪ್‌ಟಾಪ್ ತಡಕೊಳ್ಳುತ್ತಾ? ನನ್ನದು 8 ಜಿಬಿ ರಾಮಿನ ಹಳೇ ಲ್ಯಾಪ್‌ಟಾಪ್. ಎಸ್ಪಿ ರೋಡಿಂದ ಎಸ್‌ಎಸ್‌ಡಿ ತಂದು ಹಾಕಿದ ಮೇಲೆ ಸ್ವಲ್ಪ ಯೌವನ ಬಂದಿದೆ. ಈಗಿನ ಮೊಬೈಲಿನ ವಿಡಿಯೋ ಹಾಗೇ ಹಾಕಿದರೆ ಯಾವ ಎಡಿಟರಾದರೂ ಏದುಸಿರು ಬಿಡುತ್ತೆ. ಇದಕ್ಕೆ ಉಪಾಯ ಪ್ರಾಕ್ಸಿ. ಪ್ರತಿ ವಿಡಿಯೋಗೂ ಒಂದು ಸಣ್ಣ, ಹಗುರ ನಕಲು ಮಾಡಿಕೊಂಡು ಅದರ ಮೇಲೆ ಕತ್ತರಿ ಆಡಿಸೋದು, ಕೊನೆಗೆ ರೆಂಡರ್ ಮಾಡುವಾಗ ಮೂಲದಿಂದ ಮಾಡೋದು. ಕೆಡೆನ್‌ಲೈವ್‌ನಲ್ಲಿ ಇದು 2011ರಿಂದಲೇ ಇದೆ. ಶಾಟ್‌ಕಟ್‌ಗೆ 2020ರಲ್ಲಿ ಬಂತು. ಹೊಸ ಲ್ಯಾಪ್‌ಟಾಪ್ ತಗೋಬೇಕು ಅಂತ ಕೂತಿರೋರು ಮೊದಲು ಈ ಒಂದು ಟಿಕ್ ಹಾಕಿ ನೋಡಿ, ದುಡ್ಡು ಉಳಿದರೆ ನನಗೊಂದು ಮಸಾಲೆ ದೋಸೆ ಕೊಡಿಸಿ.

ಇನ್ನೊಂದು ಕಿರಿಕಿರಿ ಹೇಳಲೇಬೇಕು. ಮೊಬೈಲ್‌ಗಳು ಸಾಮಾನ್ಯವಾಗಿ ಒಂದೇ ವೇಗದಲ್ಲಿ ಫ್ರೇಮ್ ಹಿಡಿಯಲ್ಲ. ಬೆಳಕು ಕಮ್ಮಿ ಆದರೆ ವೇಗ ಇಳಿಯುತ್ತೆ. ಎಡಿಟರ್ ಮಾತ್ರ ಸೆಕೆಂಡಿಗೆ 30 ಅಂತ ಗಟ್ಟಿ ಲೆಕ್ಕ ಹಿಡಿದು ಕೂತಿರುತ್ತೆ. ಪರಿಣಾಮ, ಹಾಡು ಮುಂದೆ ಹೋಗ್ತಾ ಹೋಗ್ತಾ ತುಟಿ ಒಂದು ಕಡೆ, ಧ್ವನಿ ಒಂದು ಕಡೆ. ರಾತ್ರಿ ಚಪ್ಪರದ ಬಲ್ಬಿನ ಬೆಳಕಲ್ಲಿ ತೆಗೆದ ವಿಡಿಯೋ ಅಂದರೆ ಕೇಳಬೇಕಾ! ಕತ್ತರಿ ಹಾಕೋ ಮೊದಲು ಸ್ಥಿರ ವೇಗಕ್ಕೆ ಬದಲಾಯಿಸಿಕೊಳ್ಳಿ. ಶಾಟ್‌ಕಟ್, ಕೆಡೆನ್‌ಲೈವ್ ಎರಡೂ ಇಂಥ ಕಡತ ಕಂಡರೆ ತಾವೇ ಕೇಳುತ್ತವೆ, ಬೇಡ ಅನ್ನಬೇಡಿ.

ಮೂರನೇ ಪ್ರಶ್ನೆ ಕನ್ನಡದ್ದು. ಇಂಗ್ಲಿಷಿನಲ್ಲಿ ಬರೆಯೋ ವಿಮರ್ಶಕರು ಇದನ್ನ ಯಾವತ್ತೂ ಕೇಳಲ್ಲ. ಶೀರ್ಷಿಕೆಯಲ್ಲಿ 'ಸ್ವಾತಂತ್ರ್ಯ' ಅಂತ ಟೈಪ್ ಮಾಡಿ ನೋಡಿ. ಆಮೇಲೆ 'ಅರ್ಕಾವತಿ', 'ಸ್ತ್ರೀ', 'ಲಕ್ಷ್ಮಿ'. ಒತ್ತಕ್ಷರ ಕೆಳಗೆ ಇಳೀಬೇಕು, ಅರ್ಕಾವೊತ್ತು ಪಕ್ಕಕ್ಕೆ ಬಂದು ಕೂರಬೇಕು. ಎಷ್ಟೋ ತಂತ್ರಾಂಶಗಳಲ್ಲಿ ಇದು ತ, ಅರ್ಧಚಂದ್ರ, ರ, ಅರ್ಧಚಂದ್ರ ಅಂತ ಮೂಳೆ ಬೇರೆ ಮಾಂಸ ಬೇರೆಯಾಗಿ ಬಿದ್ದಿರುತ್ತೆ. ಸ್ವಾತಂತ್ರ್ಯ ಅಂತ ನೆಟ್ಟಗೆ ಬರೆಯೋಕೇ ಬಾರದಿದ್ದರೆ ಅದನ್ನ ಸ್ವತಂತ್ರ ತಂತ್ರಾಂಶ ಅಂತ ಹೇಗೆ ಕರೆಯೋದು ಹೇಳಿ!

ಅಕ್ಷರಗಳನ್ನ ಹೀಗೆ ಜೋಡಿಸೋ ಕೆಲಸವನ್ನ ಇವತ್ತು ಬಹುಪಾಲು ಮುಕ್ತ ತಂತ್ರಾಂಶಗಳಲ್ಲಿ ಮಾಡೋದು ಹಾರ್ಫ್‌ಬಜ್ ಅನ್ನೋ ಗ್ರಂಥಾಲಯ. ಪರ್ಷಿಯನ್ ಹೆಸರು, ಹಾರ್ಫ್ ಅಂದರೆ ಅಕ್ಷರ, ಬಾಜ್ ಅಂದರೆ ತೆರೆದ. ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ಕ್ಯೂಟಿ ಮೇಲೆ ಕಟ್ಟಿದವು, ಕ್ಯೂಟಿ ಒಳಗೆ ಹಾರ್ಫ್‌ಬಜ್ ಇದೆ, ಆದ್ದರಿಂದ ಕನ್ನಡ ನೆಟ್ಟಗೆ ಬರುತ್ತೆ. ಎಲ್ಲರ ಅಡಿಗಲ್ಲಾದ ಎಫ್‌ಎಫ್‌ಎಂಪೆಗ್ಗಿನಲ್ಲೇ ವಿಡಿಯೋ ಮೇಲೆ ಅಕ್ಷರ ಬರೆಯೋ ಸವಲತ್ತಿಗೆ ಇದು ಸೇರಿದ್ದು 2023ರ 6.1 ಆವೃತ್ತಿಯಲ್ಲಿ, ಅಂದರೆ ತೀರಾ ಇತ್ತೀಚೆಗೆ. ಹಳೇ ಆವೃತ್ತಿ ಇಟ್ಟುಕೊಂಡು ಕನ್ನಡ ಬರಲ್ಲ ಅಂತ ಬೈಬೇಡಿ, ಹೊಸದು ಹಾಕಿಕೊಳ್ಳಿ.

ಮದುವೆ ಸ್ಟುಡಿಯೋದವರು ಈ ತಾಪತ್ರಯಕ್ಕೆ ಕಂಡುಕೊಂಡ ಹಳೇ ದಾರಿ ಆಸ್ಕಿ ಫಾಂಟು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದ ಫಾಂಟುಗಳು. ಪರದೆ ಮೇಲೆ ಚೆನ್ನಾಗೇ ಕಾಣುತ್ತೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ತೆರೆದರೆ ಮಾತ್ರ ವಧೂವರರ ಹೆಸರಿನ ಜಾಗದಲ್ಲಿ ಮಂತ್ರವಾದಿಯ ಯಂತ್ರ. ಅವರನ್ನ ನಾನು ದೂರಲ್ಲ, ಆಗ ಅವರಿಗೆ ಬೇರೆ ದಾರಿ ಇರಲಿಲ್ಲ. ಈಗ ಇದೆ. ಅರವಿಂದ ವಿ.ಕೆ. ಅವರು ಮಾಡಿದ ನವಿಲು ಮತ್ತು ಗುಬ್ಬಿ, ಲೋಹಿತ್ ಕನ್ನಡ, ನೋಟೋ ಸಾನ್ಸ್, ಏಕ್ ಟೈಪಿನವರ ಬಲೂ ತಮ್ಮ... ಎಲ್ಲಾ ಮುಕ್ತ ಯೂನಿಕೋಡ್ ಫಾಂಟುಗಳು. ನನ್ನ ಶೀರ್ಷಿಕೆಗೆ ನವಿಲು ಹಾಕಿದೀನಿ. ಕೈಬರಹದ ಬಳುಕು ಇದೆ ಅದರಲ್ಲಿ, ಸೋಬಾನೆಗೆ ಹೊಂದುತ್ತೆ.

ಈಗ ಎದುರು ವಾದ. ಆಫೀಸಿನ ಗೆಳೆಯ ಕೇಳಿದ, "ಕೆಡೆನ್‌ಲೈವ್ ಮಧ್ಯದಲ್ಲಿ ಧೊಪ್ಪಂತ ಬೀಳುತ್ತಂತಲ್ಲ?" ಆ ಹೆಸರು ಅದಕ್ಕೆ ಇದ್ದಿದ್ದು ಹೌದು. ಅದನ್ನ ಬರೆಯೋರಿಗೂ ಗೊತ್ತಿತ್ತು, ಅದಕ್ಕೇ 2019ರ 19.04 ಆವೃತ್ತಿಗೆ ಅರ್ಧಕ್ಕಿಂತ ಹೆಚ್ಚು ಕೋಡನ್ನ ಬದಲಾಯಿಸಿದರು. ಜೇಸನ್ ವುಡ್ 2002ರಲ್ಲಿ ಶುರು ಮಾಡಿದ ಕೆಲಸ ಅದು, ಎಷ್ಟೋ ಕೈ ದಾಟಿ ಬಂದಿದೆ. ಕೆಲಸ ಕೊಡೋ ಸ್ಟುಡಿಯೋಗಳು ಪ್ರೀಮಿಯರ್ ಕೇಳುತ್ತವೆ ಅನ್ನೋದೂ ನಿಜ. ಅದನ್ನೇ ಹೊಟ್ಟೆಪಾಡು ಮಾಡಿಕೊಳ್ಳೋ ಹುಡುಗನಿಗೆ ನಾನು ಸಿದ್ಧಾಂತ ಬೋಧಿಸಲ್ಲ. ಆದರೆ ಮನೆ ಮದುವೆ, ಶಾಲೆ ವಾರ್ಷಿಕೋತ್ಸವ, ಯೂಟ್ಯೂಬಿನಲ್ಲಿ ಅಡುಗೆ ತೋರಿಸೋ ಚಿಕ್ಕಮ್ಮ, ಇವರಿಗೆ ಯಾರದೋ ಪೆನ್‌ಡ್ರೈವಿಂದ ಕ್ರ್ಯಾಕ್ ಮಾಡಿದ ಪ್ರತಿ ಹಾಕಿಕೊಟ್ಟು, ಜೊತೆಗೆ ವೈರಸ್ಸನ್ನೂ ಉಡುಗೊರೆ ಕೊಡೋ ನಮ್ಮ ಚಾಳಿ ಇದೆಯಲ್ಲ, ಅದಕ್ಕೆ ನನ್ನ ತಕರಾರು. ಕಂಪ್ಯೂಟರ್ ಓದಿದ ನಾವೇ ಅದನ್ನ ಮಾಡೋದು.

ಶಾಟ್‌ಕಟ್ಟಾ ಕೆಡೆನ್‌ಲೈವಾ ಅಂತ ಒಂದನ್ನ ಹೇಳು ಅಂದರೆ, ನನ್ನ ಓಟು ಕೆಡೆನ್‌ಲೈವ್‌ಗೆ. ಕಾರಣ ಒಂದೇ ಒಂದು ಮೆನು: ಪ್ರಾಜೆಕ್ಟನ್ನ ಆರ್ಕೈವ್ ಮಾಡೋದು. ಅದನ್ನ ಒತ್ತಿದರೆ ಎಲ್ಲೆಲ್ಲೋ ಚೆದುರಿರುವ ಮೂಲ ವಿಡಿಯೋ, ಆಡಿಯೋ, ಫೋಟೋಗಳನ್ನೂ ಆ ಚೀಟಿಯನ್ನೂ ಒಂದೇ ಫೋಲ್ಡರಿಗೆ ಕಟ್ಟಿ ಕೊಡುತ್ತೆ. ಮದುವೆ ಮನೆಯಿಂದ ಹೊರಡುವಾಗ ಪಾತ್ರೆ ಎಣಿಸಿ ಮೂಟೆ ಕಟ್ಟೋ ಹಾಗೆ.

ಅಣ್ಣ ಈಗ ಫೋನ್ ಮಾಡಿದ್ದು ಯಾಕೆ ಅಂದರೆ, ಅತ್ತಿಗೆಯ ಹಳೇ ಮೆಮೊರಿ ಕಾರ್ಡಿನಲ್ಲಿ ಅದೇ ಚಪ್ಪರದ ರಾತ್ರಿಯ ನಾಲ್ಕು ತುಣುಕು ಸಿಕ್ಕಿವೆ. ಒಟ್ಟು ಹನ್ನೊಂದು ನಿಮಿಷ. ದೂರದಿಂದ ತೆಗೆದದ್ದು, ಅಡ್ಡ ಯಾರೋ ಓಡಾಡ್ತಾರೆ, ಪಾತ್ರೆ ಸದ್ದು ಬೇರೆ. ಆದರೆ ಕೊಳಲಿಲ್ಲ. "ಅದೆಂತದೋ ಫ್ರೀ ಐತಂತಲ್ಲ, ನಾನೇ ಮಾಡ್ತೀನಿ ಕಣ್ಲಾ, ಹೇಳ್ಕೊಡು" ಅಂದ. ಕಾರ್ಡ್ ತಗೊಂಡು ಭಾನುವಾರ ಬಂದಿದ್ದ. ಮೈಸೂರು ರಸ್ತೆಯಲ್ಲಿ ಬಸ್ ಇಳಿದು ದೀಪಾಂಜಲಿ ನಗರ ಮೆಟ್ರೋ ಸ್ಟೇಷನ್ ಕೆಳಗೆ ನಿಂತು, ಶರ್ಟಿನ ಜೇಬನ್ನ ಕೈಯಲ್ಲಿ ಒತ್ತಿ ಹಿಡಿದುಕೊಂಡೇ ನನಗೆ ಕಾಯ್ತಿದ್ದ.

ಮೊದಲು ಎರಡು ಕಡೆ ನಕಲು ಮಾಡಿದೆವು. ಆಮೇಲೆ ಪ್ರಾಕ್ಸಿ. ಆಮೇಲೆ ಅವನೇ ಮೌಸ್ ಹಿಡಿದ. ಮೊದಲ ಒಂದು ಗಂಟೆ ಬೈದುಕೊಂಡ, ಮೊಬೈಲಿನಷ್ಟು ಸುಲಭ ಅಲ್ಲ ಅಂತ. ಅಲ್ಲ, ಒಪ್ತೀನಿ. ಮಧ್ಯಾಹ್ನದ ಹೊತ್ತಿಗೆ ಪಾತ್ರೆ ಬಿದ್ದ ಸದ್ದನ್ನ ಕತ್ತರಿಸೋದು ಕಲಿತಿದ್ದ. ಎಲೆ ಹಾಕೋಕೆ ಹೋಗು ಅಂತ ದೊಡ್ಡಮ್ಮ ಬೈಯೋದು ಇದರಲ್ಲೂ ಇದೆ, ದೂರದಲ್ಲಿ, ಸಣ್ಣಗೆ. ಅದನ್ನೂ ಕತ್ತರಿಸಲಾ ಅಂತ ಕೇಳಿದೆ.

"ಅದ್ ಇರ್ಲಿ ಬುಡು" ಅಂದ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಇನ್ನೊಂದು ಸಲ ಹಾಕು ಅಂದರು. ಹಾಕಿದೆವು.